ಬ್ರೇಕ್‌ಪಾಯಿಂಟ್ ಕೂರದಿದ್ದರೆ ದೋಷ ಎಲ್ಲಿದೆ: ಡಿಬಗ್ಗರಿನಿಂದ ಕೇಬಲಿನ ತುದಿಯವರೆಗೆ

ಕಾರವಾರದ ಮನೆಯಲ್ಲಿ ಕುಳಿತು, ಶಿರಸಿ ಕಡೆಯ ಅಡಿಕೆ ತೋಟವೊಂದರಲ್ಲಿರುವ ಪುಟ್ಟ ಲಿನಕ್ಸ್ ಬೋರ್ಡಿನ (ಒಂದೇ ಹಲಗೆಯ ಕಂಪ್ಯೂಟರಿನ) ಪ್ರೋಗ್ರಾಮನ್ನು ಡಿಬಗ್ ಮಾಡುವಾಗ, ಅಂದರೆ ಅದರ ತಪ್ಪು ಹುಡುಕುವಾಗ, ಈ ಮಳೆಗಾಲದಲ್ಲಿ ನನಗೆ ಎದುರಾದ ದೋಷಗಳನ್ನೂ ಅವುಗಳ ಮೂಲವನ್ನು ಹುಡುಕಿದ ಕ್ರಮವನ್ನೂ ಇಲ್ಲಿ ಬರೆದಿಡುತ್ತಿದ್ದೇನೆ. ಬೋರ್ಡು ಇರುವುದು ನನ್ನ ಸೋದರಮಾವನ ತೋಟದಲ್ಲಿ. ಮಳೆಯ ಪ್ರಮಾಣ, ಗಾಳಿಯ ತೇವಾಂಶ, ಉಷ್ಣತೆ ಇವನ್ನು ಹತ್ತು ನಿಮಿಷಕ್ಕೊಮ್ಮೆ ದಾಖಲಿಸುವುದು ಅದರ ಕೆಲಸ. ಮಳೆ ಹೊಳವಾದ ಹೊತ್ತು ನೋಡಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯಬೇಕಾದ್ದರಿಂದ ಈ ಲೆಕ್ಕ ಮಾವನಿಗೆ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ಹಾಗಾಗಿ, ಪ್ರೋಗ್ರಾಮು ಕೆಲವು ದಿನ ನಡುರಾತ್ರಿಯ ಮಳೆಯನ್ನು ಎರಡು ಸಲ ಕೂಡಿಸುತ್ತಿದೆ ಎಂದು ತಿಳಿದ ಮೇಲೆ ಅದನ್ನು ಹಾಗೆಯೇ ಬಿಡುವಂತಿರಲಿಲ್ಲ.

ಜೋಡಣೆ ಹೀಗಿದೆ. ನನ್ನ ಲ್ಯಾಪ್‌ಟಾಪಿನಲ್ಲಿ ಜಿಡಿಬಿ ಎಂಬ ಡಿಬಗ್ಗರು (ಪ್ರೋಗ್ರಾಮನ್ನು ನಡುವೆ ನಿಲ್ಲಿಸಿ ಒಳಗೆ ನೋಡುವ ಸಾಧನ) ಓಡುತ್ತದೆ, ಬೋರ್ಡಿನ ಮೇಲೆ ಅದರ ಕೋರಿಕೆಗಳನ್ನು ನಡೆಸಿಕೊಡುವ ಜಿಡಿಬಿ-ಸರ್ವರ್ ಓಡುತ್ತದೆ. ಮಾವನ ಮನೆಯ ಇಂಟರ್ನೆಟ್ ಸಂಪರ್ಕಕ್ಕೆ ಹೊರಗಿನಿಂದ ನೇರವಾಗಿ ತಲುಪಬಹುದಾದ ಐಪಿ ವಿಳಾಸ ಇಲ್ಲದ ಕಾರಣ, ಬೋರ್ಡು ತಾನೇ ಹೊರಗಿನ ಬಾಡಿಗೆ ಸರ್ವರೊಂದಕ್ಕೆ ಎಸ್‌ಎಸ್‌ಎಚ್ ಸುರಂಗವನ್ನು (ಗೂಢಲಿಪಿಯ ಸುರಕ್ಷಿತ ಸಂಪರ್ಕವನ್ನು) ತೆರೆದಿಟ್ಟಿರುತ್ತದೆ. ನಾನು ಈ ಕಡೆಯಿಂದ ಅದೇ ಸರ್ವರಿಗೆ ಹೋಗಿ ಆ ಸುರಂಗದ ಮೂಲಕ ಬೋರ್ಡನ್ನು ಮುಟ್ಟುತ್ತೇನೆ. ಮನೆಯೊಳಗಿನ ರೌಟರಿನಿಂದ ಬೋರ್ಡು ಇರುವ ಕೊಟ್ಟಿಗೆಯ ಮಾಡಿನವರೆಗೆ ಸುಮಾರು 60 ಮೀಟರ್ ಈಥರ್ನೆಟ್ ಕೇಬಲ್ ಹೋಗಿದೆ, ಅದರಲ್ಲಿ ಅರ್ಧದಷ್ಟು ಬಯಲಿನಲ್ಲಿಯೇ ಇದೆ. ಬ್ರೇಕ್‌ಪಾಯಿಂಟ್, ಅಂದರೆ ಪ್ರೋಗ್ರಾಮು ಇಲ್ಲಿ ನಿಲ್ಲಲಿ ಎಂದು ಇಡುವ ಗುರುತು, ಕೂರದಿದ್ದಾಗ ದೋಷ ಈ ಸರಪಳಿಯ ಯಾವ ಕೊಂಡಿಯಲ್ಲಿ ಬೇಕಾದರೂ ಇರಬಹುದು, ಮತ್ತು ತೆರೆಯ ಮೇಲೆ ಕಾಣುವ ಸಂದೇಶವನ್ನು ಅವಸರದಲ್ಲಿ ಓದಿದರೆ ಎಲ್ಲ ದೋಷಗಳೂ ಒಂದೇ ರೀತಿ ತೋರುತ್ತವೆ.

ಆದ್ದರಿಂದ ಮೊದಲ ಕೆಲಸ, ಸಂದೇಶವನ್ನು ಅಕ್ಷರಶಃ ಬರೆದುಕೊಳ್ಳುವುದು. ‘ಕ್ಯಾನಾಟ್ ಇನ್ಸರ್ಟ್ ಬ್ರೇಕ್‌ಪಾಯಿಂಟ್ 1, ಕ್ಯಾನಾಟ್ ಆ್ಯಕ್ಸೆಸ್ ಮೆಮೊರಿ ಅಟ್ ಅಡ್ರೆಸ್’ ಎಂದು ಬಂದರೆ, ಆ ಕಡೆಯ ಯಂತ್ರ ನಮ್ಮ ಕೋರಿಕೆಯನ್ನು ಕೇಳಿಸಿಕೊಂಡು ‘ಆಗುವುದಿಲ್ಲ’ ಎಂದು ಉತ್ತರ ಕೊಟ್ಟಿದೆ ಎಂದರ್ಥ. ಅಂದರೆ ತಂತಿ, ರೌಟರ್, ಸುರಂಗ ಎಲ್ಲವೂ ಆ ಕ್ಷಣಕ್ಕೆ ಸರಿಯಾಗಿಯೇ ಇದ್ದವು. ‘ಇಗ್ನೋರಿಂಗ್ ಪ್ಯಾಕೆಟ್ ಎರರ್, ಕಂಟಿನ್ಯೂಯಿಂಗ್’ ಎಂದೋ ‘ರಿಮೋಟ್ ಕನೆಕ್ಷನ್ ಕ್ಲೋಸ್ಡ್’ ಎಂದೋ ಬಂದರೆ ಉತ್ತರವೇ ಸಿಕ್ಕಿಲ್ಲ ಎಂದರ್ಥ. ಉತ್ತರ ‘ಇಲ್ಲ’ ಎಂದು ಬರುವುದು ಬೇರೆ, ಉತ್ತರವೇ ಇಲ್ಲದಿರುವುದು ಬೇರೆ. ಈ ವ್ಯತ್ಯಾಸವನ್ನು ಗಮನಿಸದೆ ನಾನು ಒಂದು ಇಡೀ ಶನಿವಾರವನ್ನು ಕಳೆದುಕೊಂಡೆ. ಬೆಳಿಗ್ಗೆ ಬಂದದ್ದು ಮೊದಲನೆಯ ಬಗೆಯ ದೋಷ, ಸಂಜೆ ಬಂದದ್ದು ಎರಡನೆಯ ಬಗೆಯದು. ನಾನು ಎರಡನ್ನೂ ಒಂದೇ ಎಂದು ಭಾವಿಸಿ, ಸಂಜೆಯ ದೋಷಕ್ಕೂ ಬೆಳಗಿನ ಮದ್ದನ್ನೇ ಮಾಡುತ್ತ, ಏನೂ ತಪ್ಪಿಲ್ಲದ ಪ್ರೋಗ್ರಾಮನ್ನು ಮೂರು ಸಲ ಮತ್ತೆ ಕಂಪೈಲ್ ಮಾಡಿದೆ (ಯಂತ್ರ ಓಡಿಸಬಲ್ಲ ಫೈಲಾಗಿ ಕಟ್ಟಿದೆ).

ಬ್ರೇಕ್‌ಪಾಯಿಂಟ್ ಕೂರುವ ಬಗೆ

ಡಿಬಗ್ಗರು ಬ್ರೇಕ್‌ಪಾಯಿಂಟ್ ಇಡುವುದೆಂದರೆ ಓಡುತ್ತಿರುವ ಪ್ರೋಗ್ರಾಮಿನ ಸೂಚನೆಯನ್ನೇ ತಿದ್ದುವುದು. ಇಂಟೆಲ್ ಬಗೆಯ ಪ್ರೊಸೆಸರುಗಳಲ್ಲಿ ಅದು ಆ ಜಾಗದ ಮೊದಲ ಬೈಟನ್ನು ತೆಗೆದಿಟ್ಟುಕೊಂಡು ಅಲ್ಲಿ ಹೆಕ್ಸಾಡೆಸಿಮಲ್ ‘ಸಿಸಿ’ ಎಂಬ ಒಂದೇ ಬೈಟಿನ ಐಎನ್‌ಟಿ3 ಸೂಚನೆಯನ್ನು ಬರೆಯುತ್ತದೆ. 64 ಬಿಟ್ ಆರ್ಮ್‌ನಲ್ಲಿ ನಾಲ್ಕು ಬೈಟಿನ ಬಿಆರ್‌ಕೆ ಸೂಚನೆಯನ್ನು ಬರೆಯುತ್ತದೆ. ಪ್ರೊಸೆಸರು ಆ ಜಾಗಕ್ಕೆ ಬಂದಾಗ ಲಿನಕ್ಸು ಸಿಗ್‌ಟ್ರ್ಯಾಪ್ ಎಂಬ 5ನೆಯ ಸಂಖ್ಯೆಯ ಸಂಕೇತವನ್ನು ಕಳಿಸುತ್ತದೆ ಮತ್ತು ಪ್ರೋಗ್ರಾಮು ನಿಲ್ಲುತ್ತದೆ. ಮುಂದುವರಿಸುವಾಗ ಡಿಬಗ್ಗರು ಮೂಲ ಸೂಚನೆಯನ್ನು ಮರಳಿ ಇಟ್ಟು, ಒಂದೇ ಒಂದು ಹೆಜ್ಜೆ ನಡೆಸಿ, ಮತ್ತೆ ತನ್ನ ಸೂಚನೆಯನ್ನು ಬರೆಯುತ್ತದೆ. ದೂರದ ಯಂತ್ರವಾದರೆ ಈ ಬರೆಯುವ ಕೆಲಸವನ್ನು ಜಿಡಿಬಿ-ಸರ್ವರ್ ಮಾಡುತ್ತದೆ. ಅದಕ್ಕೆ ಇಲ್ಲಿಂದ ‘ಝಡ್0’ ಎಂಬ ಪ್ಯಾಕೆಟ್ಟು ಹೋಗುತ್ತದೆ. ಉತ್ತರವಾಗಿ ‘ಓಕೆ’ ಬಂದರೆ ಕೂತಿತು. ‘ಇ’ ಅಕ್ಷರದೊಡನೆ ಎರಡಂಕಿಯ ಸಂಖ್ಯೆ ಬಂದರೆ ಕೂರಲಿಲ್ಲ. ಖಾಲಿ ಉತ್ತರ ಬಂದರೆ ಆ ಪ್ಯಾಕೆಟ್ಟಿನ ಅರ್ಥವೇ ಆ ಕಡೆಗೆ ಗೊತ್ತಿಲ್ಲ.

ಈ ಮಾತುಕತೆಯನ್ನು ಕಣ್ಣಾರೆ ನೋಡಬಹುದು. ಜಿಡಿಬಿಯಲ್ಲಿ ‘ಸೆಟ್ ಡಿಬಗ್ ರಿಮೋಟ್ 1’ ಎಂದು ಕೊಟ್ಟರೆ ಹೋದ ಮತ್ತು ಬಂದ ಪ್ರತಿಯೊಂದು ಪ್ಯಾಕೆಟ್ಟೂ ತೆರೆಯ ಮೇಲೆ ಮೂಡುತ್ತದೆ. ಪ್ರತಿ ಪ್ಯಾಕೆಟ್ಟು ಡಾಲರ್ ಚಿಹ್ನೆಯಿಂದ ಆರಂಭವಾಗಿ, ಹ್ಯಾಶ್ ಚಿಹ್ನೆ ಮತ್ತು ಎರಡಂಕಿಯ ತಾಳೆ ಮೊತ್ತದೊಂದಿಗೆ ಮುಗಿಯುತ್ತದೆ. ಸಂದೇಶದ ಅರ್ಥ ಮಬ್ಬಾಗಿದ್ದಾಗಲೆಲ್ಲ ನಾನು ಈಗ ಮಾಡುವ ಮೊದಲ ಕೆಲಸ ಇದೇ.

‘ಆಗುವುದಿಲ್ಲ’ ಎಂಬ ಉತ್ತರ ಬಂದಾಗ

ಬೆಳಗಿನ ದೋಷದ ಕಾರಣ ವಿಳಾಸ. ನನ್ನ ಹಳೆಯ ಜಿಡಿಬಿ ಆಜ್ಞೆಗಳ ಫೈಲಿನಲ್ಲಿ ಬ್ರೇಕ್‌ಪಾಯಿಂಟುಗಳನ್ನು ಫಂಕ್ಷನ್ನಿನ (ಪ್ರೋಗ್ರಾಮಿನೊಳಗೆ ಹೆಸರಿಟ್ಟ ಭಾಗದ) ಹೆಸರಿನಿಂದಲ್ಲ, ನೇರ ಮೆಮೊರಿ ವಿಳಾಸದಿಂದ ಬರೆದಿಟ್ಟಿದ್ದೆ. ಹಿಂದೆ ಪ್ರೋಗ್ರಾಮು ಪ್ರತಿ ಸಲವೂ 0ಎಕ್ಸ್400000 ಎಂಬ ನಿಗದಿತ ಜಾಗದಿಂದಲೇ ಮೆಮೊರಿಗೆ ಏರುತ್ತಿತ್ತು, ಆದ್ದರಿಂದ ಅದು ನಡೆಯುತ್ತಿತ್ತು. ಬೋರ್ಡಿನ ಆಪರೇಟಿಂಗ್ ಸಿಸ್ಟಮನ್ನು ಹೊಸದು ಮಾಡಿದ ಮೇಲೆ ಕಂಪೈಲರು ಪಿಐಇ ಬಗೆಯ ಫೈಲನ್ನು, ಅಂದರೆ ಯಾವ ಜಾಗಕ್ಕಾದರೂ ಏರಬಲ್ಲ ಫೈಲನ್ನು ಕಟ್ಟತೊಡಗಿತು. ಡೆಬಿಯನ್ 9ರಿಂದ ಈಚೆಗೆ ಇದೇ ರೂಢಿ. ಇಂಥ ಫೈಲಿನೊಳಗೆ ಫಂಕ್ಷನ್ನಿನ ವಿಳಾಸ 0ಎಕ್ಸ್1189 ಎಂಬಂತೆ ಸಣ್ಣದಾಗಿ ಕಾಣುತ್ತದೆ, ಓಡುವಾಗ ಅದಕ್ಕೆ ಆಧಾರ ವಿಳಾಸವೊಂದು ಸೇರಿಕೊಳ್ಳುತ್ತದೆ. 64 ಬಿಟ್ ಇಂಟೆಲ್ ಲಿನಕ್ಸಿನಲ್ಲಿ ಜಿಡಿಬಿಯೊಳಗೆ ಓಡಿಸಿದರೆ ಆ ಆಧಾರ ಸಾಮಾನ್ಯವಾಗಿ 0ಎಕ್ಸ್555555554000 ಆಗಿರುವುದರಿಂದ ಅದೇ ಫಂಕ್ಷನ್ನು 0ಎಕ್ಸ್555555555189ರಲ್ಲಿ ಸಿಗುತ್ತದೆ. ನಾನು ಕೊಟ್ಟ ಹಳೆಯ ವಿಳಾಸದಲ್ಲಿ ಈಗ ಏನೂ ಇರಲಿಲ್ಲ, ಹಾಗಾಗಿ ‘ಆ ಮೆಮೊರಿಯನ್ನು ಮುಟ್ಟಲಾಗದು’ ಎಂದು ಬೋರ್ಡು ಹೇಳಿದ್ದು ಸತ್ಯವೇ ಆಗಿತ್ತು.

ಪರಿಹಾರ ಸುಲಭ: ಬ್ರೇಕ್‌ಪಾಯಿಂಟನ್ನು ಫಂಕ್ಷನ್ನಿನ ಹೆಸರಿನಿಂದ ಅಥವಾ ಫೈಲಿನ ಹೆಸರು ಮತ್ತು ಸಾಲಿನ ಸಂಖ್ಯೆಯಿಂದ ಇಡಬೇಕು. ನೇರ ವಿಳಾಸವೇ ಬೇಕಾದಲ್ಲಿ ಪ್ರೋಗ್ರಾಮು ಮೆಮೊರಿಗೆ ಏರಿದ ಮೇಲೆ, ‘ಇನ್ಫೋ ಪ್ರಾಕ್ ಮ್ಯಾಪಿಂಗ್ಸ್’ ಕೊಟ್ಟು ಆಧಾರ ವಿಳಾಸವನ್ನು ನೋಡಿ, ಕೂಡಿಸಿ ಇಡಬೇಕು. ಮೊದಲೇ ಇಟ್ಟು ಆಮೇಲೆ ಓಡಿಸುವ ಅಭ್ಯಾಸವನ್ನು ಬಿಡುವುದು ಒಳ್ಳೆಯದು.

ಇದಕ್ಕಿಂತ ಕಾಡುವ ದೋಷವೆಂದರೆ ಎರಡು ಕಡೆಯ ಫೈಲುಗಳು ಬೇರೆ ಬೇರೆಯಾಗಿರುವುದು. ಲ್ಯಾಪ್‌ಟಾಪಿನಲ್ಲಿ ಇಂದು ಕಟ್ಟಿದ ಫೈಲಿದ್ದು ಬೋರ್ಡಿನಲ್ಲಿ ನಿನ್ನೆಯದೇ ಓಡುತ್ತಿದ್ದರೆ, ಬ್ರೇಕ್‌ಪಾಯಿಂಟ್ ಇಟ್ಟಾಗ ಯಾವ ದೂರೂ ಬರುವುದಿಲ್ಲ, ‘ಓಕೆ’ ಎಂದೇ ಉತ್ತರ ಬರುತ್ತದೆ; ಆದರೆ ಅದು ಕೂರುವುದು ಬೇರೆ ಜಾಗದಲ್ಲಿ. ಆರ್ಮ್ 64ರಲ್ಲಿ ಸೂಚನೆಗಳೆಲ್ಲ ನಾಲ್ಕು ಬೈಟಿನವೇ ಆದ್ದರಿಂದ ಅದು ಪಕ್ಕದ ಯಾವುದೋ ಫಂಕ್ಷನ್ನಿನ ಸೂಚನೆಯ ಮೇಲೆ ನೀಟಾಗಿ ಕೂತುಬಿಡುತ್ತದೆ, ಮತ್ತು ನಾವು ಕಾಯುತ್ತಿರುವ ಜಾಗದಲ್ಲಿ ಪ್ರೋಗ್ರಾಮು ಎಂದೂ ನಿಲ್ಲುವುದಿಲ್ಲ. ಇಂಟೆಲ್‌ನಲ್ಲಿ ಸೂಚನೆಗಳ ಉದ್ದ ಒಂದೇ ಸಮನಾಗಿರುವುದಿಲ್ಲ; ಅಲ್ಲಿ ಆ ‘ಸಿಸಿ’ ಬೈಟು ಮತ್ತೊಂದು ಸೂಚನೆಯ ಹೊಟ್ಟೆಯೊಳಗೆ ಸೇರಿ, ಆ ಸೂಚನೆಯ ಅರ್ಥವೇ ಬದಲಾಗಿ, ಡಿಬಗ್ಗರಿಲ್ಲದೆ ಚೆನ್ನಾಗಿ ಓಡುವ ಪ್ರೋಗ್ರಾಮು ಡಿಬಗ್ಗರಿನೊಳಗೆ ಮಾತ್ರ ಮುರಿದುಬೀಳುತ್ತದೆ. ಇದನ್ನು ತಪ್ಪಿಸಲು ಎರಡೂ ಫೈಲುಗಳ ಬಿಲ್ಡ್-ಐಡಿಯನ್ನು (ಕಟ್ಟುವಾಗ ಫೈಲಿಗೆ ಬೀಳುವ ಗುರುತನ್ನು) ತಾಳೆ ನೋಡಬೇಕು. ‘ರೀಡ್‌ಎಲ್ಫ್ -ಎನ್’ ಕೊಟ್ಟರೆ ಸಾಮಾನ್ಯವಾಗಿ ನಲವತ್ತು ಅಂಕಿಯ ಆ ಗುರುತು ಸಿಗುತ್ತದೆ. ಮೊದಲ ನಾಲ್ಕು, ಕೊನೆಯ ನಾಲ್ಕು ಅಂಕಿ ಹೊಂದಿದರೆ ನನಗೆ ಅಷ್ಟು ಸಾಕು. ಮೂಲ ಫೈಲು ಕಟ್ಟಿದ ಫೈಲಿಗಿಂತ ಹೊಸದು ಎಂದು ಜಿಡಿಬಿ ಎಚ್ಚರಿಕೆ ಕೊಟ್ಟರೆ ಅದನ್ನು ಓದದೆ ಮುಂದೆ ಹೋಗಬಾರದು. ನಾನು ವರ್ಷಗಟ್ಟಲೆ ಹಾಗೆಯೇ ಹೋಗಿದ್ದೇನೆ.

ಉಳಿದ ಕಾರಣಗಳನ್ನು ಬೇಗ ಹೇಳಿಬಿಡಬಹುದು. ಡಿಬಗ್ ಮಾಹಿತಿ ಸೇರಿಸುವ ‘-ಜಿ’ ಆಯ್ಕೆ ಇಲ್ಲದೆ ಕಂಪೈಲ್ ಮಾಡಿದ್ದರೆ ಸಾಲಿನ ಸಂಖ್ಯೆಗಳ ಮಾಹಿತಿಯೇ ಫೈಲಿನಲ್ಲಿರುವುದಿಲ್ಲ. ವಿಎಸ್ ಕೋಡ್ ಎಂಬ ಪ್ರೋಗ್ರಾಮು ಬರೆಯುವ ತಂತ್ರಾಂಶದಲ್ಲಿ ಕೆಂಪು ಚುಕ್ಕೆ ಇರಬೇಕಾದಲ್ಲಿ ಬೂದು ಬಣ್ಣದ ಟೊಳ್ಳು ವೃತ್ತ ಕಾಣುವುದಕ್ಕೆ ಬಹಳ ಸಲ ಇದೇ ಕಾರಣ. ವೇಗಕ್ಕಾಗಿ ಸೂಚನೆಗಳನ್ನು ಬದಲಿಸುವ ‘-ಒ2’ ಕೊಟ್ಟು ಕಂಪೈಲ್ ಮಾಡಿದರೆ ಸಣ್ಣ ಫಂಕ್ಷನ್ನುಗಳು ಕರೆದವರೊಳಗೇ ಕರಗಿಹೋಗಿ ಬ್ರೇಕ್‌ಪಾಯಿಂಟ್ ಎರಡು ಸಾಲು ಕೆಳಗೆ ಜಾರುತ್ತದೆ, ಆಗ ಡಿಬಗ್ಗಿಗೆ ಹೊಂದುವ ‘-ಒಜಿ’ ಬಳಸಬೇಕು. ಹಂಚಿಕೆಯ ಲೈಬ್ರರಿಯೊಳಗಿನ ಫಂಕ್ಷನ್ನಾದರೆ, ಲೈಬ್ರರಿ ಏರಿದ ಮೇಲೆ ಇಡಲೇ ಎಂದು ಜಿಡಿಬಿ ಕೇಳುತ್ತದೆ. ‘ವೈ’ ಎಂದು ಉತ್ತರಿಸಿದರಾಯಿತು. ಲಿನಕ್ಸ್ ಇಲ್ಲದ ಮೈಕ್ರೊಕಂಟ್ರೋಲರುಗಳಲ್ಲಿ ಪ್ರೋಗ್ರಾಮು ಫ್ಲ್ಯಾಶ್ ಮೆಮೊರಿಯಲ್ಲಿರುತ್ತದೆ, ಅಲ್ಲಿ ಸೂಚನೆಯನ್ನು ಸುಮ್ಮನೆ ತಿದ್ದಿ ಬರೆಯಲಾಗದ್ದರಿಂದ ಹಾರ್ಡ್‌ವೇರ್ ಬ್ರೇಕ್‌ಪಾಯಿಂಟುಗಳೇ (ಪ್ರೊಸೆಸರಿನೊಳಗೇ ಇರುವವು) ಬೇಕು. ಅವು ಎಣಿಕೆಯವು: ಕಾರ್ಟೆಕ್ಸ್-ಎಂ4 ಎಂಬ ಪ್ರೊಸೆಸರಿನಲ್ಲಿ ಆರು, ಇಂಟೆಲ್‌ನಲ್ಲಿ ಡಿಆರ್0ಯಿಂದ ಡಿಆರ್3ರವರೆಗೆ ನಾಲ್ಕು. ಏಳನೆಯದನ್ನೋ ಐದನೆಯದನ್ನೋ ಕೇಳಿದರೆ ‘ತೀರಾ ಹೆಚ್ಚು ಕೇಳಿದ್ದೀರಿ’ ಎಂಬ ಅರ್ಥದ ದೂರು ಬರುತ್ತದೆ. ಹಳೆಯವನ್ನು ಅಳಿಸಿದರೆ ಹೊಸದು ಕೂರುತ್ತದೆ.

ಉತ್ತರವೇ ಬಾರದಿದ್ದಾಗ

ಸಂಜೆಯ ಹೊತ್ತಿಗೆ ಬ್ರೇಕ್‌ಪಾಯಿಂಟುಗಳು ಒಮ್ಮೆ ಕೂರುತ್ತಿದ್ದವು, ಒಮ್ಮೆ ಇಲ್ಲ. ‘ಇಗ್ನೋರಿಂಗ್ ಪ್ಯಾಕೆಟ್ ಎರರ್’ ಎಂಬ ಸಾಲು ಮೇಲಿಂದ ಮೇಲೆ ಬರುತ್ತಿತ್ತು, ಕೆಲವೊಮ್ಮೆ ರಿಜಿಸ್ಟರುಗಳಲ್ಲಿ (ಪ್ರೊಸೆಸರಿನೊಳಗಿನ ಪುಟ್ಟ ಮೆಮೊರಿ ಜಾಗಗಳಲ್ಲಿ) ಅರ್ಥವಿಲ್ಲದ ಬೆಲೆಗಳು ಕಾಣುತ್ತಿದ್ದವು. ಮೊದಲು ನನ್ನ ಮನಸ್ಸಿಗೆ ಬಂದದ್ದು ಟಿಸಿಪಿಯ, ಅಂದರೆ ನೆಟ್‌ವರ್ಕಿನಲ್ಲಿ ಮಾಹಿತಿಯನ್ನು ತುಣುಕು ಮಾಡಿ ಸಾಗಿಸುವ ಕಟ್ಟಳೆಯ ವಿಚಾರ: ದಾರಿಯಲ್ಲಿ ಕಳೆದ ತುಣುಕುಗಳನ್ನು ಟಿಸಿಪಿ ತಾನೇ ಮತ್ತೆ ಕಳಿಸುತ್ತದೆ, ಕೆಟ್ಟ ತುಣುಕನ್ನು ಮೇಲಕ್ಕೆ ಬಿಡುವುದಿಲ್ಲ, ಹಾಗಿರುವಾಗ ತಂತಿಯ ದೋಷ ಡಿಬಗ್ಗರಿನವರೆಗೆ ಮುಟ್ಟುವುದಾದರೂ ಹೇಗೆ ಎಂದು ವಾದ ಹೂಡಿ ತಂತಿಯನ್ನು ಸಂಶಯದ ಪಟ್ಟಿಯಿಂದಲೇ ತೆಗೆದುಹಾಕಿದೆ. ವಾದದ ಮೊದಲ ಭಾಗ ಸರಿ, ಕೊನೆಯದು ತಪ್ಪು. ಕಳೆದ ತುಣುಕು ಮರಳಿ ಬರುತ್ತದೆ, ಆದರೆ ತಡವಾಗಿ ಬರುತ್ತದೆ. ಲಿನಕ್ಸಿನಲ್ಲಿ ಮರುಕಳಿಕೆಯ ಕಾಯುವಿಕೆ ಕನಿಷ್ಠ 200 ಮಿಲಿಸೆಕೆಂಡಿನಿಂದ ಆರಂಭವಾಗಿ ಪ್ರತಿ ಸೋಲಿಗೂ ಇಮ್ಮಡಿಯಾಗುತ್ತ ಹೋಗುತ್ತದೆ. ಒಂದೇ ತುಣುಕು ಸಾಲಾಗಿ ನಾಲ್ಕು ಸಲ ಕಳೆದರೆ 200, 400, 800, 1600 ಸೇರಿ ಮೂರು ಸೆಕೆಂಡು. ಜಿಡಿಬಿ ಉತ್ತರಕ್ಕಾಗಿ ಕಾಯುವುದು, ನಾವು ಬದಲಿಸದಿದ್ದರೆ, ಎರಡೇ ಸೆಕೆಂಡು. ಅಷ್ಟರೊಳಗೆ ಬಾರದ ಉತ್ತರವನ್ನು ಅದು ಕಳೆದುಹೋಯಿತೆಂದು ಎಣಿಸಿ ಮುಂದಿನ ಪ್ರಶ್ನೆ ಕೇಳುತ್ತದೆ, ಹಳೆಯ ಪ್ರಶ್ನೆಯ ಉತ್ತರ ಆಮೇಲೆ ಬಂದು ಹೊಸ ಪ್ರಶ್ನೆಗೆ ಅಂಟಿಕೊಳ್ಳುತ್ತದೆ. ರಿಜಿಸ್ಟರಿನ ಅಸಂಬದ್ಧ ಬೆಲೆಗಳ ಗುಟ್ಟು ಇದೇ ಆಗಿತ್ತು.

ಸರಪಳಿಯನ್ನು ಎರಡು ತುಂಡು ಮಾಡಿ ನೋಡುವ ಪರೀಕ್ಷೆ ಇಲ್ಲಿ ಬಹಳ ಅಗ್ಗ. ಎಸ್‌ಎಸ್‌ಎಚ್ ಮೂಲಕ ಬೋರ್ಡಿಗೆ ಹೋಗಿ, ಜಿಡಿಬಿಯನ್ನು ಬೋರ್ಡಿನಲ್ಲಿಯೇ ಓಡಿಸಿ, ಅದೇ ಬ್ರೇಕ್‌ಪಾಯಿಂಟುಗಳನ್ನು ಇಡಬೇಕು. ಟೈಪು ಮಾಡಿದ ಅಕ್ಷರಗಳು ತೆರೆಗೆ ಬರಲು ತಡವಾದರೂ ಚಿಂತೆಯಿಲ್ಲ, ಡಿಬಗ್ಗರು ಮತ್ತು ಪ್ರೋಗ್ರಾಮಿನ ನಡುವಿನ ಮಾತು ತಂತಿಯನ್ನು ದಾಟುವುದಿಲ್ಲ. ಅಲ್ಲಿ ಇಪ್ಪತ್ತಕ್ಕೆ ಇಪ್ಪತ್ತು ಸಲವೂ ಬ್ರೇಕ್‌ಪಾಯಿಂಟ್ ಕೂತಿತು. ಅಲ್ಲಿಗೆ ಪ್ರೋಗ್ರಾಮು, ಕಂಪೈಲರು, ಬಿಲ್ಡ್-ಐಡಿ ಎಲ್ಲವೂ ಸಂಶಯದಿಂದ ಹೊರಗಾದವು.

ಆದರೂ ‘ನೆಟ್‌ವರ್ಕಿನ ದೋಷ’ ಎಂದು ಆಗಲೇ ತೀರ್ಮಾನಿಸಬಾರದು, ಸಂಪರ್ಕ ಕಡಿಯುವ ಹೊತ್ತನ್ನು ಗಡಿಯಾರ ಹಿಡಿದು ನೋಡಬೇಕು. ನನ್ನ ಪ್ರಕರಣದಲ್ಲಿ ಮೂರು ಬೇರೆ ಬೇರೆ ಕಡಿತಗಳು ಒಂದರೊಳಗೊಂದು ಹೆಣೆದುಕೊಂಡಿದ್ದವು. ಮೊದಲನೆಯದು ಬ್ರೇಕ್‌ಪಾಯಿಂಟಿನಲ್ಲಿ ನಿಂತ ಸರಿಯಾಗಿ 15 ಸೆಕೆಂಡಿಗೆ, ಪ್ರತಿ ಸಲವೂ ತಪ್ಪದೆ ಆಗುತ್ತಿತ್ತು. ತಂತಿಗೆ ಇಂಥ ಶಿಸ್ತು ಇರುವುದಿಲ್ಲ. ಬೋರ್ಡಿನಲ್ಲಿ ವಾಚ್‌ಡಾಗ್ ಎಂಬ ಕಾವಲು ಗಡಿಯಾರವಿದೆ. ಪ್ರೋಗ್ರಾಮು ಅದನ್ನು ಆಗಾಗ ಮುಟ್ಟುತ್ತಿರದಿದ್ದರೆ ಅದು ಇಡೀ ಬೋರ್ಡನ್ನು ಮತ್ತೆ ಆರಂಭಿಸುತ್ತದೆ, ಮತ್ತು ನಾನು ಅದರ ಅವಧಿಯನ್ನು 15 ಸೆಕೆಂಡಿಗೆ ಇಟ್ಟಿದ್ದೆ. ಬ್ರೇಕ್‌ಪಾಯಿಂಟಿನಲ್ಲಿ ನಿಂತ ಪ್ರೋಗ್ರಾಮು ಅದನ್ನು ಮುಟ್ಟಲಾರದು. ‘ರಿಮೋಟ್ ಕನೆಕ್ಷನ್ ಕ್ಲೋಸ್ಡ್’ ಎಂಬ ಸಂದೇಶ ಅಪ್ಪಟ ನೆಟ್‌ವರ್ಕ್ ದೋಷದಂತೆ ಕಾಣುತ್ತದೆ, ಆದರೆ ಬೋರ್ಡಿನ ‘ಅಪ್‌ಟೈಮ್’ ನೋಡಿದರೆ ಅದು ಈಗಷ್ಟೇ ಎದ್ದಿದೆ ಎಂದು ತಿಳಿಯುತ್ತದೆ. ಡಿಬಗ್ ಮಾಡುವಾಗ ವಾಚ್‌ಡಾಗನ್ನು ಆರಿಸಿಡಬೇಕು, ಮುಗಿದ ಮೇಲೆ ಮರೆಯದೆ ಹಚ್ಚಬೇಕು.

ಎರಡನೆಯ ಕಡಿತ, ಬ್ರೇಕ್‌ಪಾಯಿಂಟಿನಲ್ಲಿ ನಿಲ್ಲಿಸಿ ಚಾ ಕುಡಿದು ಬರುವಷ್ಟರಲ್ಲಿ ಆಗುವಂಥದು. ಯಾರೂ ಮಾತಾಡದ ಸಂಪರ್ಕವನ್ನು ದಾರಿಯ ನಡುವಿನ ನ್ಯಾಟ್ ಯಂತ್ರಗಳು (ಒಳಗಿನ ಐಪಿ ವಿಳಾಸಗಳನ್ನು ಹೊರಗಿನದಕ್ಕೆ ಬದಲಿಸುವವು) ಕೆಲವು ನಿಮಿಷಗಳಾದ ಮೇಲೆ ಸದ್ದಿಲ್ಲದೆ ಮರೆತುಬಿಡುತ್ತವೆ. ಎಸ್‌ಎಸ್‌ಎಚ್ ಸಂರಚನೆಯಲ್ಲಿ ‘ಸರ್ವರ್ ಅಲೈವ್ ಇಂಟರ್ವಲ್’ ಎಂಬುದನ್ನು 30ಕ್ಕೆ ಇಟ್ಟರೆ ಅರ್ಧ ನಿಮಿಷಕ್ಕೊಮ್ಮೆ ಒಂದು ಸಣ್ಣ ತುಣುಕು ಹೋಗಿಬಂದು ಸುರಂಗವನ್ನು ಎಚ್ಚರವಾಗಿಡುತ್ತದೆ. ಈ ಎರಡನ್ನು ಸರಿಪಡಿಸಿದ ಮೇಲೆ ಉಳಿದದ್ದು ಮೂರನೆಯದು: ಹೊತ್ತುಗೊತ್ತಿಲ್ಲದ್ದು, ಆದರೆ ಮಳೆ ಜೋರಾದಾಗ ಹೆಚ್ಚುವುದು. ಬೋರ್ಡು ಮಳೆಯನ್ನೇ ಅಳೆಯುತ್ತಿದ್ದುದರಿಂದ ಈ ನಂಟನ್ನು ಕಂಡುಹಿಡಿಯಲು ನನಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ.

ತಂತಿಯ ಪರೀಕ್ಷೆ

ಬೋರ್ಡಿಗೆ ಹೋಗಿ ಈಥರ್ನೆಟ್ ಸ್ಥಿತಿ ತೋರಿಸುವ ‘ಈಥ್‌ಟೂಲ್’ ಆಜ್ಞೆ ಕೊಟ್ಟಾಗ ವೇಗ ಸೆಕೆಂಡಿಗೆ 100 ಮೆಗಾಬಿಟ್ ಎಂದು ಬಂತು. ಬೋರ್ಡು ಮತ್ತು ರೌಟರು ಎರಡೂ ಗಿಗಾಬಿಟ್‌ನವು. ಕೇಬಲಿನಲ್ಲಿ ನಾಲ್ಕು ಜೋಡಿ ತಂತಿಗಳಿದ್ದು ಗಿಗಾಬಿಟ್‌ಗೆ ನಾಲ್ಕೂ ಬೇಕು. 100 ಮೆಗಾಬಿಟ್‌ಗೆ 1, 2, 3, 6ನೆಯ ಪಿನ್ನುಗಳ ಎರಡು ಜೋಡಿ ಸಾಕು. ಉಳಿದೆರಡು ಜೋಡಿಗಳಲ್ಲಿ ಒಂದು ತಂತಿ ಕೈಕೊಟ್ಟರೂ ಅನೇಕ ಈಥರ್ನೆಟ್ ಚಿಪ್‌ಗಳು ಯಾರಿಗೂ ಹೇಳದೆ 100ಕ್ಕೆ ಇಳಿದು ಕೆಲಸ ಮುಂದುವರಿಸುತ್ತವೆ. ಹಾಗಾಗಿ ವೇಗ ಇಳಿದಿರುವುದು ಮೊದಲ ಸುಳಿವು. ಎರಡನೆಯದು ಸಿಆರ್‌ಸಿ ದೋಷಗಳ ಎಣಿಕೆ. ಪ್ರತಿ ಈಥರ್ನೆಟ್ ಚೌಕಟ್ಟಿನ ಕೊನೆಯಲ್ಲಿ 32 ಬಿಟ್ಟಿನ ತಾಳೆ ಸಂಖ್ಯೆ ಇರುತ್ತದೆ, ಅದು ಹೊಂದದ ಚೌಕಟ್ಟನ್ನು ಪಡೆಯುವ ಕಡೆಯವರು ಸದ್ದಿಲ್ಲದೆ ಎಸೆದು ಒಂದು ಎಣಿಕೆ ಏರಿಸುತ್ತಾರೆ. ‘ಐಪಿ ಲಿಂಕ್’ ಆಜ್ಞೆಗೆ ‘-ಎಸ್’ ಅನ್ನು ಎರಡು ಸಲ ಕೊಟ್ಟರೆ ಆ ಎಣಿಕೆ ಕಾಣುತ್ತದೆ. ಇಲ್ಲಿ ಗಮನಿಸಬೇಕಾದದ್ದು, ಬೋರ್ಡಿನ ಎಣಿಕೆಯಲ್ಲಿ ಬೋರ್ಡಿಗೆ ಬಂದ ಚೌಕಟ್ಟುಗಳ ದೋಷ ಮಾತ್ರ ಇರುತ್ತದೆ. ಬೋರ್ಡಿನಿಂದ ಹೊರಟು ಕೆಟ್ಟವುಗಳ ಲೆಕ್ಕ ರೌಟರಿನ ಪೋರ್ಟಿನಲ್ಲಿರುತ್ತದೆ. ಒಂದೇ ಕಡೆ ನೋಡಿ ‘ಸೊನ್ನೆ ಇದೆ, ತಂತಿ ಸರಿಯಿದೆ’ ಎಂದು ಹೇಳುವಂತಿಲ್ಲ.

ಮೂರನೆಯ ಪರೀಕ್ಷೆ ಪಿಂಗ್‌ನದು, ಅಂದರೆ ತುಣುಕೊಂದನ್ನು ಕಳಿಸಿ ಅದರ ಉತ್ತರ ಬರುತ್ತದೆಯೇ ಎಂದು ನೋಡುವುದು. ಬೋರ್ಡಿನಿಂದ ರೌಟರಿಗೆ, ಅಂದರೆ ಸಂಶಯದ ಕೇಬಲಿನ ಮೇಲೆ ಮಾತ್ರ, ಮೊದಲು ಸಾಮಾನ್ಯ 56 ಬೈಟಿನ ನೂರು ಪಿಂಗ್ ಕಳಿಸಿದೆ, ಒಂದು ಕಳೆಯಿತು. ಆಮೇಲೆ 1472 ಬೈಟಿನವನ್ನು ಕಳಿಸಿದೆ, ಶಿರೋಭಾಗದ 28 ಬೈಟು ಸೇರಿ ಅದು ಸರಿಯಾಗಿ 1500 ಆಗುತ್ತದೆ, ಹನ್ನೊಂದು ಕಳೆದವು. ಉದ್ದದ ಚೌಕಟ್ಟು ತಂತಿಯ ಮೇಲೆ ಹೆಚ್ಚು ಹೊತ್ತು ಇರುವುದರಿಂದ ಅದರಲ್ಲೊಂದು ಬಿಟ್ಟು ಕೆಡುವ ಸಂಭವ ಹೆಚ್ಚು. ದೊಡ್ಡವು ಒಂದೂ ಬಿಡದೆ ಎಲ್ಲವೂ ಕಳೆದು ಸಣ್ಣವೆಲ್ಲ ದಾಟಿದ್ದರೆ ಅದು ತಂತಿಯ ದೋಷವಲ್ಲ, ದಾರಿಯಲ್ಲೆಲ್ಲೋ ಎಂಟಿಯು (ಒಂದು ತುಣುಕಿನ ಗರಿಷ್ಠ) ಅಳತೆ ಚಿಕ್ಕದಾಗಿದೆ ಎಂದರ್ಥ. ಕೆಲವು ಮಾತ್ರ ಕಳೆದರೆ ತಂತಿ, ಪ್ಲಗ್ಗು ಅಥವಾ ಪೋರ್ಟು. ಪಿಂಗ್ ಚೆನ್ನಾಗಿದ್ದು, ದೊಡ್ಡ ಫೈಲು ಕಳಿಸುವಾಗ ಮಾತ್ರ ವೇಗ ಕುಸಿದರೆ ಎರಡು ತುದಿಗಳ ಡ್ಯುಪ್ಲೆಕ್ಸ್ (ಒಟ್ಟಿಗೇ ಕಳಿಸಿ ಪಡೆಯುವುದೋ, ಸರದಿಯಲ್ಲೋ ಎಂಬ ಬಗೆ) ಹೊಂದಿಕೆಯಾಗಿಲ್ಲ. ಯಾರೋ ಒಂದು ಕಡೆ ಕೈಯಿಂದ ವೇಗ ಕಟ್ಟಿಟ್ಟಿರುತ್ತಾರೆ, ಎರಡೂ ಕಡೆ ಆಟೋಗೆ ಬಿಟ್ಟರೆ ಸರಿಹೋಗುತ್ತದೆ.

ಮಾವನಿಗೆ ಫೋನು ಮಾಡಿ ಕೊಟ್ಟಿಗೆಯ ಕಡೆಯ ಪ್ಲಗ್ಗನ್ನು ಎಳೆದು ನೋಡಲು ಹೇಳಿದೆ. ಸ್ವಲ್ಪ ಹೊತ್ತು ಸದ್ದಿರಲಿಲ್ಲ. ಆಮೇಲೆ, “ತಮಾ, ಇದಕ್ಕೆ ಮೈಲುತುತ್ತ ಮೆತ್ತಿದಾಂಗೆ ಆಯ್ದು” ಎಂದ. ನೂರು ಲೀಟರು ನೀರಿಗೆ ಒಂದು ಕಿಲೊ ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕಿಲೊ ಸುಣ್ಣ ಕಲಸಿ ಪ್ರತಿ ಮಳೆಗಾಲವೂ ಅಡಿಕೆಗೆ ಹೊಡೆಯುವ ಕೈಗೆ ತಾಮ್ರದ ಕಿಲುಬಿನ ಬಣ್ಣ ಗುರುತಿಸುವುದು ಕಷ್ಟವಲ್ಲ. ಫೋಟೊ ಕಳಿಸಿದ. ಎಂಟು ಪಿನ್ನುಗಳಲ್ಲಿ ಮೂರರ ಮೇಲಿದ್ದ ಚಿನ್ನದ ಲೇಪ ಹೋಗಿತ್ತು, 4 ಮತ್ತು 5ರ ನಡುವೆ ಹಸಿರು ಹುಡಿ ಸೇತುವೆಯಂತೆ ಕಟ್ಟಿಕೊಂಡಿತ್ತು, ಪ್ಲಗ್ಗಿನ ಪ್ಲಾಸ್ಟಿಕ್ಕಿನೊಳಗೆ ಒಂದು ಹನಿ ನೀರು ಹೊಳೆಯುತ್ತಿತ್ತು. ಕೇಬಲು ಮಾಡಿನಿಂದ ನೇರವಾಗಿ ಇಳಿದು ಬೋರ್ಡಿನ ಪೆಟ್ಟಿಗೆಗೆ ಹೋಗಿದ್ದರಿಂದ ಮಳೆನೀರು ಅದರ ಮೈಗುಂಟ ಜಾರಿ ಪ್ಲಗ್ಗಿನೊಳಕ್ಕೇ ಬರುತ್ತಿತ್ತು. ಹಾಗೆ ಕಟ್ಟಿದವನು ನಾನೇ, ಹೋದ ಬೇಸಿಗೆಯಲ್ಲಿ.

ದುರಸ್ತಿಗೆ ನಾನೇ ದೇವಿಮನೆ ಘಟ್ಟ ಹತ್ತಿ ಹೋದೆ. ಕಿಲುಬು ತಂತಿಯ ಗುಂಟ ಒಳಗೂ ಹರಿದಿರುತ್ತದಾದ್ದರಿಂದ ಪ್ಲಗ್ಗನ್ನು ಮಾತ್ರ ಕತ್ತರಿಸಿದರೆ ಸಾಲದು, ತಾಮ್ರ ಕೆಂಪಗೆ ಕಾಣುವವರೆಗೆ ಕತ್ತರಿಸಬೇಕು. ನನಗೆ ಒಂದು ಗೇಣು ಕತ್ತರಿಸಬೇಕಾಯಿತು. ತಂತಿಗಳ ಕ್ರಮ 568ಬಿ ಎಂಬ ಮಾನದಂಡದ ಪ್ರಕಾರ ಕಿತ್ತಳೆ ಪಟ್ಟಿಯ ಬಿಳಿ, ಕಿತ್ತಳೆ, ಹಸಿರು ಪಟ್ಟಿಯ ಬಿಳಿ, ನೀಲಿ, ನೀಲಿ ಪಟ್ಟಿಯ ಬಿಳಿ, ಹಸಿರು, ಕಂದು ಪಟ್ಟಿಯ ಬಿಳಿ, ಕಂದು. ಮೂರು ಮತ್ತು ಆರು ಒಂದೇ ಜೋಡಿಯವಾಗಿರಬೇಕೆಂಬುದು ಇದರ ತಿರುಳು. ಬಣ್ಣ ಬಣ್ಣವಾಗಿ ಜೋಡಿ ಪಕ್ಕ ಜೋಡಿ ಇಟ್ಟು, ಎರಡೂ ತುದಿಯಲ್ಲಿ ಅದೇ ಕ್ರಮ ಮಾಡಿದರೆ ಎಂಟು ದೀಪದ ಅಗ್ಗದ ಟೆಸ್ಟರಿನಲ್ಲಿ ಎಂಟೂ ಹತ್ತುತ್ತವೆ, ಆದರೆ ಹೆಣೆದ ಜೋಡಿ ಮುರಿದು ಒಂದರ ಸದ್ದು ಇನ್ನೊಂದಕ್ಕೆ ಸೋರಿ ಸಿಆರ್‌ಸಿ ದೋಷ ಏರುತ್ತಲೇ ಇರುತ್ತದೆ. ಟೆಸ್ಟರಿನ ದೀಪ ತಂತಿ ತುಂಡಾಗಿಲ್ಲ ಎಂಬುದನ್ನಷ್ಟೇ ಹೇಳುತ್ತದೆ. ಪ್ಲಗ್ಗಿನ ಹತ್ತಿರ ಜೋಡಿಯ ಹೆಣಿಗೆಯನ್ನು 13 ಮಿಲಿಮೀಟರಿಗಿಂತ ಹೆಚ್ಚು ಬಿಚ್ಚಬಾರದು. ಬೋರ್ಡಿನ ಕಡೆಯ ಸಾಕೆಟ್ಟನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಮೃದುವಾದ ಬ್ರಶ್ಶಿನಲ್ಲಿ ತೊಳೆದು, ಪೂರ್ತಿ ಒಣಗಿದ ಮೇಲೆ ವಿದ್ಯುತ್ ಕೊಟ್ಟೆ. ಕೇಬಲು ಪೆಟ್ಟಿಗೆಯೊಳಗೆ ಹೋಗುವ ಮೊದಲು ಒಂದಿಷ್ಟು ಕೆಳಗೆ ಜೋತುಬಿದ್ದು ಮತ್ತೆ ಮೇಲೇರುವಂತೆ ಕಟ್ಟಿದ್ದರಿಂದ, ನೀರು ಈಗ ಆ ಜೋಲಿನ ತಳದಲ್ಲಿ ಹನಿದು ಬೀಳುತ್ತದೆ.

ಕರಾವಳಿಯ ಕಡೆಯವರಿಗೆ ಇಲ್ಲೊಂದು ಮಾತು ಸೇರಿಸಬೇಕು. ಘಟ್ಟದ ಮೇಲೆ ಮಳೆಗಾಲದ ನೀರು ಮಾಡುವ ಕೆಲಸವನ್ನು ಕಾರವಾರ, ಅಂಕೋಲೆಗಳ ದಂಡೆಯಲ್ಲಿ ಉಪ್ಪಿನ ಗಾಳಿ ವರ್ಷವಿಡೀ ಮಾಡುತ್ತದೆ. ಸಮುದ್ರದ ಕಡೆ ಕಿಟಕಿಯಿರುವ ನನ್ನ ಕೋಣೆಯಲ್ಲಿ ಬಳಸದೆ ತೆರೆದಿಟ್ಟ ಪೋರ್ಟುಗಳು ಒಂದೆರಡು ವರ್ಷದಲ್ಲೇ ಮಸುಕಾಗುತ್ತವೆ. ಖಾಲಿ ಪೋರ್ಟುಗಳಿಗೆ ರಬ್ಬರಿನ ಮುಚ್ಚಳ ಹಾಕುವುದು ಅದಕ್ಕೇ. ಕೇಬಲು ಕೊಳ್ಳುವಾಗ ತುದಿಯ ತಂತಿಯನ್ನು ಬ್ಲೇಡಿನಿಂದ ಕೆರೆದು ನೋಡಬೇಕು. ಒಳಗೆ ಬೆಳ್ಳಗೆ ಕಂಡರೆ ಅದು ತಾಮ್ರ ಬಳಿದ ಅಲ್ಯೂಮಿನಿಯಂ, ಉಪ್ಪು ಗಾಳಿಗೆ ಅದು ಬೇಗ ತಿನ್ನಿಸಿಕೊಳ್ಳುತ್ತದೆ ಮತ್ತು ಎರಡು ಸಲ ಬಾಗಿಸಿದರೆ ಮುರಿಯುತ್ತದೆ. ಸಿಡಿಲಿನ ಪೆಟ್ಟು ಬಿದ್ದ ಪೋರ್ಟಿನ ಲಕ್ಷಣ ಬೇರೆ: ಕಿಲುಬು ಇರುವುದಿಲ್ಲ, ಆದರೆ ಲಿಂಕ್ ದೀಪ ಹತ್ತುವುದೇ ಇಲ್ಲ, ಇಲ್ಲವೆ 10 ಮೆಗಾಬಿಟ್‌ಗೆ ಮಾತ್ರ ಹತ್ತುತ್ತದೆ, ಕೇಬಲು ಬದಲಿಸಿದರೂ ಅದು ಬದಲಾಗದಿದ್ದರೆ ಪೋರ್ಟು ಸತ್ತಿದೆ. ಬಯಲಿನಲ್ಲಿ ಹೋಗುವ ತಾಮ್ರದ ಕೇಬಲನ್ನು ಗುಡುಗಿನ ಹೊತ್ತಿಗೆ ಎರಡೂ ಕಡೆ ಕಳಚಿಡುವುದೇ ಮೇಲು, ಫೈಬರ್ ಎಳೆದರೆ ಇನ್ನೂ ಮೇಲು. ಫೈಬರಿನ ಪೆಟ್ಟಿಗೆಯಲ್ಲಿ ‘ಎಲ್‌ಒಎಸ್’ ದೀಪ ಕೆಂಪಾಗಿದ್ದರೆ ಬೆಳಕೇ ಬರುತ್ತಿಲ್ಲ, ಅದಕ್ಕೆ ಮನೆಯಲ್ಲಿ ಮಾಡುವಂಥದ್ದು ಎಳೆ ಎಲ್ಲಾದರೂ ಚೂಪಾಗಿ ಮಡಚಿದೆಯೇ ಎಂದು ನೋಡುವುದಷ್ಟೆ, ಉಳಿದದ್ದು ಸಂಪರ್ಕ ಕೊಟ್ಟವರ ಕೆಲಸ.

ದುರಸ್ತಿಯಾದ ಕೂಡಲೇ ಈಥ್‌ಟೂಲ್ 1000 ಎಂದು ತೋರಿಸಿತು. ಅದನ್ನು ನಂಬಿ ಹೊರಡದೆ ಮಳೆ ಬರುವವರೆಗೆ ಕಾದೆ. ಮರುದಿನ ಮಧ್ಯಾಹ್ನದ ಜಡಿಮಳೆಯಲ್ಲಿ 1472 ಬೈಟಿನ ಸಾವಿರ ಪಿಂಗ್ ಕಳಿಸಿದಾಗ ಒಂದೂ ಕಳೆಯಲಿಲ್ಲ, ಎರಡೂ ತುದಿಗಳ ಸಿಆರ್‌ಸಿ ಎಣಿಕೆ ಇದ್ದಲ್ಲೇ ನಿಂತಿತ್ತು. ತೊಂದರೆಯ ದಿನಗಳಲ್ಲಿ ‘ಸೆಟ್ ರಿಮೋಟ್‌ಟೈಮ್‌ಔಟ್’ ಅನ್ನು ಹತ್ತು ಸೆಕೆಂಡಿಗೆ ಏರಿಸಿ ಹೇಗೋ ಕೆಲಸ ಸಾಗಿಸಿದ್ದೆ. ಅದನ್ನು ಮತ್ತೆ ಎರಡಕ್ಕೇ ಇಳಿಸಿದೆ, ಮುಂದೆ ತಂತಿ ಕೆಡತೊಡಗಿದರೆ ಡಿಬಗ್ಗರು ಬೇಗ ದೂರಲಿ ಎಂದು. ಕಾರವಾರಕ್ಕೆ ಮರಳಿದ ರಾತ್ರಿ ಬ್ರೇಕ್‌ಪಾಯಿಂಟ್ ಮೊದಲ ಸಲಕ್ಕೇ ಕೂತಿತು ಮತ್ತು ನಡುರಾತ್ರಿಯ ಲೆಕ್ಕದ ತಪ್ಪು ಹತ್ತು ನಿಮಿಷದಲ್ಲಿ ಸಿಕ್ಕಿತು: ದಿನದ ಮೊತ್ತವನ್ನು ಸೊನ್ನೆ ಮಾಡುವ ಸಾಲು, ಹನ್ನೆರಡು ಗಂಟೆಯ ದಾಖಲೆಯನ್ನು ಬರೆಯುವ ಸಾಲಿಗಿಂತ ಕೆಳಗಿತ್ತು.